ತಿರುಮಲೇಶನ ಕಾರಿಗೆ ಮೂಗುದಾರ

ಗಿರಿನಗರದ ತಿರುಮಲೇಶನಿಗೆ ಆ ಶನಿವಾರ ಗ್ರಹಚಾರ ವಕ್ಕರಿಸಿದ್ದು ಪಕ್ಕದ ಮನೆಯ ಚೂಡಾಮಣಿಯಮ್ಮನವರ ಸಂಡಿಗೆಯ ರೂಪದಲ್ಲಿ.

ಅವನದು ಎರಡು ಮೊಳದುದ್ದದ ರಿಮೋಟ್ ಕಾರು. ಆಟಿಕೆಯೆಂದರೆ ಆಟಿಕೆ, ಆದರೆ ಹೊಟ್ಟೆಗೆ ನಿಜವಾದ ಪೆಟ್ರೋಲೇ ಬೇಕು. ಮಾರನೆಯ ದಿನ ಕತ್ರಿಗುಪ್ಪೆಯ ಮೈದಾನದಲ್ಲಿ ಅದರ ಮೊದಲ ರೇಸು. ಒಂದು ಸುತ್ತು ನೋಡೋಣವೆಂದು ಬೀದಿಗೆ ಬಿಟ್ಟನೋ ಇಲ್ಲವೋ, ಕಾರು ಹಗ್ಗ ಹರಿದ ಹೋರಿಯಂತೆ ಭರ್ರೆಂದು ನುಗ್ಗಿ, ಪಕ್ಕದ ಮನೆಯ ಅಂಗಳದಲ್ಲಿ ಪಂಚೆಯ ಮೇಲೆ ಒಣಗುತ್ತಿದ್ದ ಸಂಡಿಗೆಯನ್ನೆಲ್ಲ ತುಳಿದು, ಎಣ್ಣೆಹೊಗೆ ಕಕ್ಕಿ ನಿಂತಿತು.

“ಕರಿಯೋಕೆ ಮುಂಚೆನೇ ಎಣ್ಣೆ ಹಾಕಿಬಿಡ್ತಲ್ಲಪ್ಪ ನಿನ್ನ ಗಾಡಿ,” ಎಂದರು ಚೂಡಾಮಣಿಯಮ್ಮ.

ಮಹಡಿಯ ಬಾಡಿಗೆದಾರ ಭೀಮಪ್ಪ ಕಣ್ಣುಜ್ಜುತ್ತ ಇಳಿದು ಬಂದ. “ರಾತ್ರಿ ಡ್ಯೂಟಿ ಮುಗಿಸಿ ಈಗರ ಮಲಗಿದ್ದೆ ನೋಡ್ರಿ ಸರ. ಕನಸಿನ್ಯಾಗ ನಮ್ಮೂರ ಹಿಟ್ಟಿನ ಗಿರಣಿ ಚಾಲೂ ಆತು.”

ತಿರುಮಲೇಶನ ಹೆಂಡತಿ ಶ್ವೇತಾ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು. “ಸಂಜೆ ಒಳಗೆ ಇವರಿಬ್ಬರೂ ಹ್ಞೂಂ ಅಂದ್ರೆ ನಾಳೆ ರೇಸು. ಇಲ್ದಿದ್ರೆ ಗಾಡಿ ಅಟ್ಟಕ್ಕೆ. ಹಬ್ಬದ ಪಾತ್ರೆ ಪಕ್ಕ ಜಾಗ ಇದೆ.”

ತಿರುಮಲೇಶ ಜಯನಗರದ ರಿಮೋಟ್ ಕಾರಿನ ಬಿಡಿಭಾಗಗಳ ಅಂಗಡಿಗೆ ಓಡಿದ. ವೇಗ ಹೆಚ್ಚಿಸುವ ಹೊಸ ಪೈಪೊಂದರ ಮೇಲೆ ಅವನಿಗೆ ಬಹಳ ದಿನಗಳಿಂದ ಕಣ್ಣು. ಅದನ್ನು ಇನ್ನೇನು ಎತ್ತಿಕೊಳ್ಳಬೇಕು, ಚೂಡಾಮಣಿಯಮ್ಮನವರ ಫೋನು. “ಮೊದಲು ಬ್ರೇಕ್ ಹಾಕ್ಸಪ್ಪ.” ಕೈ ಹಿಂದೆಳೆದುಕೊಂಡ. ಮತ್ತೆ ಕೈ ಚಾಚಿದ. ಭೀಮಪ್ಪನ ಫೋನು. “ಸರ, ಸೈಲೆನ್ಸರ್ ಮರೀಬ್ಯಾಡ್ರಿ.” ಆಮೇಲೆ ಶ್ವೇತಾ. “ಗಾಡಿ ಕುಣಿಯೋದು ಕಮ್ಮಿ ಆಗೋಕೆ ಏನಾದ್ರೂ ಸಿಗತ್ತಾ ಕೇಳ್ರಿ.”

ಅಂಗಡಿಯವನು ಎಲ್ಲವನ್ನೂ ಮೇಜಿನ ಮೇಲೆ ಹರಡಿ ಕೇಳಿದ: “ಸಾರ್, ಇದು ರೇಸ್‌ಗಾ, ಇಲ್ಲಾ ಮದುವೆ ದಿಬ್ಬಣಕ್ಕಾ?”

ಗಟ್ಟಿ ಬ್ರೇಕು, ದಪ್ಪ ಸೈಲೆನ್ಸರು, ಮೆತ್ತನೆಯ ಸ್ಪ್ರಿಂಗುಗಳು ಮನೆಗೆ ಬಂದವು. ಪೈಪು ಅಲ್ಲೇ ಉಳಿಯಿತು. ಮಧ್ಯಾಹ್ನದ ಊಟ ಆರಿಹೋದರೂ ಏಳದೆ ತಿರುಮಲೇಶ ಒಂದೊಂದನ್ನೇ ಕೂರಿಸಿದ.

ಸಂಜೆ ಪರೀಕ್ಷೆ. ಭೀಮಪ್ಪ ನೀರು ತುಂಬಿದ ಚೊಂಬನ್ನು ತಂದು ಕಾರಿನ ನೆತ್ತಿಯ ಮೇಲಿಟ್ಟ. “ಒಂದ ಹನಿ ತುಳುಕಿದ್ರ ಅಟ್ಟ ನೋಡ್ರಿ.”

ತಿರುಮಲೇಶ ಮನೆದೇವರನ್ನು ನೆನೆದು ರಿಮೋಟ್ ಒತ್ತಿದ. ಮಡಿಯುಟ್ಟ ಅಜ್ಜಿ ಗರ್ಭಗುಡಿಗೆ ಪ್ರದಕ್ಷಿಣೆ ಹಾಕುವಂತೆ ಕಾರು ಬೀದಿಯ ತುದಿಯವರೆಗೂ ಹೋಗಿ, ತಿರುಗಿ ಬಂದು, ಚೂಡಾಮಣಿಯಮ್ಮನವರ ಪಾದದೆದುರು ನಿಂತಿತು. ನೀರು ಮಿಸುಕಲಿಲ್ಲ.

“ನಮ್ಮ ಒಪ್ಪಿಗಿ ಐತ್ರಿ ಸರ,” ಎಂದ ಭೀಮಪ್ಪ.

“ನಂದೂ,” ಎಂದರು ಚೂಡಾಮಣಿಯಮ್ಮ.

ತಿರುಮಲೇಶನ ಕಣ್ಣೆದುರು ಕತ್ರಿಗುಪ್ಪೆಯ ಮೈದಾನವೇ ತೆರೆದುಕೊಂಡಿತು.

ಚೂಡಾಮಣಿಯಮ್ಮ ಚೊಂಬನ್ನು ಇಳಿಸಿ, ಕಾರಿನ ಬೆನ್ನು ಸವರಿದರು. “ನಾಳೆ ನಮ್ಮನೇಲಿ ಸತ್ಯನಾರಾಯಣ ಪೂಜೆ. ಈ ಮಂಡಿ ನೋವಲ್ಲಿ ಮನೆಮನೆಗೂ ಪ್ರಸಾದ ಹೇಗಪ್ಪಾ ಮುಟ್ಟಿಸ್ಲಿ ಅಂತ ಬೆಳಗಿಂದ ಯೋಚನೆ. ಸ್ವಾಮಿ ಗಾಡಿನೇ ಕಳಿಸಿದ ನೋಡು.”

“ಅಮ್ಮಾ, ನಾಳೆ ರೇಸು...”

“ಪ್ರಸಾದಕ್ಕಿಂತ ರೇಸ್ ಹೆಚ್ಚೇನ್ರಿ ಸರ?” ಎಂದ ಭೀಮಪ್ಪ.

ಪ್ರಸಾದಕ್ಕೆ ಒಲ್ಲೆ ಎನ್ನುವ ನಾಲಿಗೆ ತಿರುಮಲೇಶನ ವಂಶದಲ್ಲೇ ಇರಲಿಲ್ಲ. ಹೆಂಡತಿಯ ಮುಖ ನೋಡಿದ.

“ಅಂಗಡಿ ಇನ್ನೂ ತೆಗೆದಿರತ್ತೆ ರೀ,” ಎಂದಳು ಶ್ವೇತಾ. “ತಟ್ಟೆ ಜಾರದ ಹಾಗೆ ಒಂದು ಕ್ಯಾರಿಯರ್ ಹಾಕಿಸ್ಕೊಂಡು ಬನ್ನಿ.”