ನೇತಾಡುವವನ ಕಾರ್ಡು

ದುರಸ್ತಿಗೆ ಬಂದ ಹಳೆಯ ಕೋಟಿನ ಒಳಜೇಬು ಬಿಚ್ಚುವಾಗ ಒಂದು ಕಾರ್ಡು ಜಾರಿ ಮೇಜಿನ ಮೇಲೆ ಬಿತ್ತು. ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರನ್ನು ಎಲ್ಲರೂ ಕರೆಯುತ್ತಿದ್ದುದು ಕತ್ತರಿ ಮೇಷ್ಟ್ರು ಎಂದು. ಮೇಷ್ಟ್ರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಚಿತ್ರದಲ್ಲಿ ಕೊಂಬೆಗೆ ಒಂದು ಕಾಲು ಸಿಕ್ಕಿಸಿಕೊಂಡು ಒಬ್ಬಾತ ತಲೆಕೆಳಗಾಗಿ ನೇತಾಡುತ್ತಿದ್ದ. ಮುಖ ಮಾತ್ರ ಹೊಟ್ಟೆ ತುಂಬಾ ಉಂಡು ಮಲಗಿದವನ ಹಾಗೆ ನೆಮ್ಮದಿಯಾಗಿತ್ತು.

ಇದು ಇವತ್ತೇ ಸಿಗಬೇಕೆ? ಎದುರು ಬೀದಿಯ ಹೊಸ ಅಂಗಡಿಯ ಉಸ್ತುವಾರಿ ಯಾರಿಗೆಂದು ಯಜಮಾನರು ಸಂಜೆ ಹೇಳುವವರಿದ್ದರು. ತನಗೇ ಕೊಡಿ ಎಂದು ಕೇಳಲು ಮೇಷ್ಟ್ರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು.

ಇಸ್ತ್ರಿಯವನು ಇಣುಕಿ ನೋಡಿದ. "ಆಯ್ತು ಬಿಡಿ. ನಿಮ್ಮ ಕೆಲಸಾನೂ ಹೀಗೇ ನೇತಾಡುತ್ತೆ."

"ನೀನು ಪ್ಯಾಂಟು ನೋಡ್ಕೋ," ಎಂದು ಕಾಜಾ ಅಕ್ಕ ಎದ್ದು ಬಂದರು. ಕಾಜಾ ಹೊಲಿದು ಗುಂಡಿ ಹಾಕುವುದು ಅವರ ಕೆಲಸ. ಅವರ ನಾದಿನಿ ಕಾರ್ಡು ಹರಡಿ ಭವಿಷ್ಯ ಹೇಳುವಾಕೆ.

"ಟ್ಯಾರೋ ಕಾರ್ಡು ಇದು. ಅವನನ್ನ ಯಾರೂ ಕಟ್ಟಿಹಾಕಿಲ್ಲ ಮೇಷ್ಟ್ರೇ, ತಾನಾಗೇ ನೇತಾಡ್ತಿದಾನೆ. ತಲೆ ಸುತ್ತ ಬೆಳಕು ನೋಡಿ. ನಾನು, ನನ್ನದು ಅನ್ನೋದನ್ನ ಬಿಟ್ಟು ಸುಮ್ಮನಿದ್ದವನಿಗೆ ಬರೋ ಬೆಳಕು ಅದು. ಕೈ ಹಿಂದೆ ಇದೆ, ಅಂದ್ರೆ ಏನೂ ಕೇಳ್ತಿಲ್ಲ. ಕಾದಿರು, ಲೋಕವನ್ನ ಬೇರೆ ಕಡೆಯಿಂದ ನೋಡು ಅಂತಿದಾನೆ."

"ಹಾಗಾದ್ರೆ ನಾನು ಕೇಳ್ಬಾರ್ದಾ?"

"ಕಾರ್ಡು ಹೇಳೋದಂತೂ ಹಾಗೆ."

ಮೇಷ್ಟ್ರಿಗೆ ಆ ಮಾತು ಹಿತವೆನಿಸಿತು. ಬಾಯಿಬಿಟ್ಟು ಕೇಳುವುದೆಂದರೆ ಅವರಿಗೆ ಮೊದಲಿನಿಂದಲೂ ನಡುಕ.

ಸ್ವಲ್ಪ ಹೊತ್ತಿಗೆ ಯಜಮಾನರು ಬಂದು ಮೇಜಿಗೆ ಆನಿಕೊಂಡು ನಿಂತರು. "ಏನಾದ್ರೂ ಹೇಳೋದಿದ್ಯಾ ಮೇಷ್ಟ್ರೇ?"

ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನಸುನಕ್ಕರು. "ಏನಿಲ್ಲ."

ಊಟದ ಹೊತ್ತಿಗೆ ಯಜಮಾನರು ಮತ್ತೆ ಬಂದರು. "ಹೊಸ ಅಂಗಡಿ ನೋಡಿದ್ರಾ?"

"ದಾರೀಲಿ ಕಾಣ್ತು."

ಯಜಮಾನರು ತಲೆ ಕೆರೆದುಕೊಳ್ಳುತ್ತಾ ಹೋದರು.

ಇಸ್ತ್ರಿಯವನು ಬಾಗಿಲಲ್ಲಿ ಹರಟುತ್ತಿದ್ದಾಗ ಪೆಟ್ಟಿಗೆಯಡಿ ಯಾರದೋ ಪ್ಯಾಂಟು ಸುಡುತ್ತಿತ್ತು. ವಾಸನೆ ಮೂಗಿಗೆ ಬಡಿದರೂ, ಇದರಲ್ಲಿ ಕೈ ಹಾಕಲು ನಾನ್ಯಾರು ಎಂದುಕೊಂಡು ಮೇಷ್ಟ್ರು ಶಾಂತವಾಗಿ ಕುಳಿತರು. ಹೊಗೆ ಎದ್ದ ಮೇಲೆ ಇಸ್ತ್ರಿಯವನು ಓಡಿಬಂದು ಅವರನ್ನೇ ಬೈದ.

ಆಮೇಲೆ ವೆಲ್ವೆಟ್ ಕೋಟಿನ ಸರದಿ. ಆ ಬಟ್ಟೆಯ ನವಿರಿಗೆ ಒಂದು ದಿಕ್ಕಿರುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ದಿಕ್ಕು ತಿರುಗಿದರೆ ಅದೇ ಬಣ್ಣ ಕಪ್ಪಿಟ್ಟಂತೆ ಕಾಣುತ್ತದೆ. ಒಂದು ತೋಳು ಕತ್ತರಿಸಿದ ಮೇಲೆ ಮೇಷ್ಟ್ರಿಗೆ ಬೇರೆ ಕಡೆಯಿಂದ ನೋಡುವ ಮಾತು ನೆನಪಾಯಿತು. ಮೇಜನ್ನು ಸುತ್ತಿ ಆಚೆ ಬದಿಗೆ ಹೋಗಿ ಇನ್ನೊಂದು ತೋಳು ಕತ್ತರಿಸಿದರು.

ಸಂಜೆ ಯಜಮಾನರು ಎರಡೂ ತೋಳುಗಳನ್ನು ಎತ್ತಿ ಹಿಡಿದರು. "ಒಂದು ಹಗಲು, ಒಂದು ರಾತ್ರಿ. ಏನ್ರೀ ಇದು?"

ಮೇಷ್ಟ್ರು ಮತ್ತೆ ಕೈ ಹಿಂದೆ ಕಟ್ಟಿಕೊಂಡರು.

ಯಜಮಾನರು ಸ್ಟೂಲಿನ ಮೇಲೆ ಕುಳಿತರು. "ಅಂಗಡಿ ನಿಮಗೇ ಕೊಡೋಣ ಅಂತಿದ್ದೆ. ಬಾಯಿ ಬಿಡ್ತೀರೇನೋ ಅಂತ ಬೆಳಿಗ್ಗೆಯಿಂದ ಸುತ್ತಿದ್ದೇ ಬಂತು. ಬೇಕು ಅನ್ನದವರ ತಲೆ ಮೇಲೆ ಅಂಗಡಿ ಹೊರಿಸೋದು ಹೇಗೆ? ಮಧ್ಯಾಹ್ನ ಒಬ್ಬರು ಬಂದು ಕೇಳಿದ್ರು, ಕೊಟ್ಬಿಟ್ಟೆ."

"ಯಾರು?"

"ನಾನೇ ಮೇಷ್ಟ್ರೇ," ಎಂದರು ಕಾಜಾ ಅಕ್ಕ, ಹಲ್ಲಿನಲ್ಲಿ ದಾರ ಕಡಿಯುತ್ತಾ.

"ಅಲ್ಲಕ್ಕಾ, ಕೇಳ್ಬಾರ್ದು ಅಂತ ಕಾರ್ಡು ಹೇಳುತ್ತೆ ಅಂದ್ರಲ್ಲ?"

"ಸುಳ್ಳು ಹೇಳಿಲ್ಲಪ್ಪ. ಆದ್ರೆ ಕಾರ್ಡು ಸಿಕ್ಕಿದ್ದು ನಿಮಗಲ್ವಾ? ನನಗೇನೂ ಸಿಕ್ಕಿರ್ಲಿಲ್ಲ. ಹೋಗಿ ಕೇಳ್ದೆ."

ಅವರ ದನಿಯಲ್ಲಿ ಕಪಟದ ಎಳೆಯೂ ಇರಲಿಲ್ಲ.

"ಅಲ್ಲಿ ನನಗೂ ಬಟ್ಟೆ ಕತ್ತರಿಸೋರು ಬೇಕು. ಇದೇ ಸಂಬಳ. ಬರಲ್ಲ ಅಂದ್ರೆ ಈಗ್ಲೇ ಹೇಳಿ."

ಬರುವುದಿಲ್ಲ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಇಡೀ ದಿನ ಮಲಗಿದ್ದ ನಾಲಿಗೆ ಏಳಲಿಲ್ಲ.

"ಒಳ್ಳೇದಾಯ್ತು," ಎಂದು ಅಕ್ಕ ಮೇಷ್ಟ್ರ ಅಳತೆ ಟೇಪನ್ನು ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು.