ಭಾವನ ಲೆನ್ಸು, ಪರದೇಶದ ಬಾತು

ಬಂಟ್ವಾಳದ ಹತ್ತಿರ ಮೆಲ್ಕಾರಿನಲ್ಲಿ ನನ್ನದೊಂದು ಸ್ಟುಡಿಯೋ ಉಂಟು. ಮದುವೆ ಫೋಟೋ ನನ್ನ ಕಸುಬು, ಹಕ್ಕಿ ಫೋಟೋ ನನ್ನ ಹುಚ್ಚು. ಮದುವೆಗೆ ಹೋದರೆ ಊಟವಾದರೂ ಸಿಗುತ್ತದೆ. ಹಕ್ಕಿಯ ಹಿಂದೆ ಹೋದವನಿಗೆ ಸಿಗುವುದು ಎದೆ ಧಸಕ್ಕೆನ್ನುವ ಒಂದಲ್ಲ ಒಂದು ಸಂಗತಿ. ಹಕ್ಕಿ ಮಾತ್ರ ಸಿಗುವುದಿಲ್ಲ.

ಸೌದಿಯಲ್ಲಿರುವ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಹೋದ ರಜೆಯಲ್ಲಿ ಬಂದಾಗ ತಮ್ಮ ಮೊಳದುದ್ದದ ಲೆನ್ಸನ್ನು ನನ್ನ ಕೈಯಲ್ಲಿಟ್ಟು ಒಂದು ಶರತ್ತು ಹಾಕಿದರು. "ಹೊರದೇಶದಿಂದ ಹಾರಿ ಬಂದ ಒಂದು ಹಕ್ಕಿಯ ಒಳ್ಳೆ ಫೋಟೋ, ನಾನು ಮುಂದಿನ ಸಲ ಬರುವಾಗ ಸ್ಟುಡಿಯೋದ ಗೋಡೆಯಲ್ಲಿ ಇರಬೇಕು. ಇಲ್ಲದಿದ್ದರೆ ಲೆನ್ಸು ವಾಪಸ್. ಕಾಗೆ, ಗುಬ್ಬಿ ತೋರಿಸಬೇಡ ಮಾರಾಯ."

ಅಂಥ ಲೆನ್ಸು ತೆಗೆದುಕೊಳ್ಳುವ ತಾಕತ್ತು ನನಗೆ ಈ ಜನ್ಮದಲ್ಲಿ ಇಲ್ಲ. ಅದು ಹೋದರೆ ನನ್ನ ಹುಚ್ಚೂ ಅಲ್ಲಿಗೆ ಮುಗಿಯಿತು. ಹಾಗಾಗಿ ಮಳೆ ಬಿಟ್ಟು, ವಲಸೆ ಹಕ್ಕಿಗಳು ಇಳಿಯಲು ಶುರುವಾದ ಕೂಡಲೇ ಕ್ಯಾಮೆರಾ ಹೆಗಲಿಗೇರಿಸಿದೆ.

ಜೀವ ಉಂಟು

ಬೆಳ್ತಂಗಡಿ ಕಡೆಯ ಒಂದು ಗದ್ದೆಗೆ ಹೊರದೇಶದ ಗೊರವ ಹಕ್ಕಿಗಳು ಬಂದಿವೆ ಎಂದು ಗೊತ್ತಾಯಿತು. ಕೆಸರು ಬಣ್ಣದ ಅಂಗಿ ಹಾಕಿ, ಮುಖಕ್ಕೂ ಬಟ್ಟೆ ಸುತ್ತಿ, ಬದುವಿನ ಪಕ್ಕ ಮಕಾಡೆ ಮಲಗಿದೆ. ಅಲ್ಲಾಡಿದರೆ ಹಕ್ಕಿ ಹಾರುತ್ತದೆ, ಹಾಗಾಗಿ ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದೆ.

ಹುಲ್ಲು ಕೊಯ್ಯಲು ಬಂದ ಹೆಂಗಸೊಬ್ಬರಿಗೆ ಮೊದಲು ಕಂಡದ್ದು ನನ್ನ ಕಾಲು. ಹೆಣ ಎಂದು ಅವರು ಹಾಕಿದ ಬೊಬ್ಬೆಗೆ ಗೊರವಗಳ ಜೊತೆ ನನ್ನ ಪ್ರಾಣವೂ ಹಾರಿತು. ಭಯದಲ್ಲಿ ಕಣ್ಣು ಮುಚ್ಚಿ ಹಾಗೆಯೇ ಬಿದ್ದುಕೊಂಡೆ. ಕಣ್ಣು ಬಿಟ್ಟು ಎದ್ದು ಕೂರುವಾಗ ಸುತ್ತ ಜನ ಸೇರಿದ್ದರು. ಒಬ್ಬ ಹಿಂದಕ್ಕೆ ಹಾರಿ ತೋಡಿನ ನೀರಿಗೆ ಬಿದ್ದ. "ಜೀವ ಉಂಟು! ಜೀವ ಉಂಟು!" ಎಂದು ಇನ್ನೊಬ್ಬ ಓಡಿದ.

ಹಕ್ಕಿ ಫೋಟೋದ ಕಥೆ ಹೇಳಿದ ಮೇಲೆ ಎಲ್ಲರೂ ಸಮಾಧಾನ ಪಟ್ಟುಕೊಂಡರು. ಮೊಬೈಲ್ ಹಿಡಿದು ನಿಂತಿದ್ದ ಒಬ್ಬ ಹಿರಿಯರಿಗೆ ಮಾತ್ರ ಸಿಟ್ಟು ಬಂದಿತ್ತು. "ಏಳುವುದಾದರೆ ಮೊದಲೇ ಏಳಬೇಕಿತ್ತು ನೀವು. ಪೊಲೀಸರು ಹೊರಟಾಗಿದೆ. ಈಗ ಅವರಿಗೆ ನಾನು ಏನು ತೋರಿಸುವುದು?"

ಹೇಳಲಿಕ್ಕೆ ಆಗುವುದಿಲ್ಲ, ಗೊತ್ತುಂಟು

ಇನ್ನು ಮಲಗುವುದೇ ಬೇಡ ಎಂದು ಬಂಟ್ವಾಳದಲ್ಲಿ ಹೊಳೆ ಬದಿಗೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್ ಇಟ್ಟು, ಎಲ್ಲರಿಗೂ ಕಾಣುವ ಹಾಗೆ ನಿಂತೆ. ಪಕ್ಕದ ಮನೆಯವರು ಓಡಿ ಬಂದು ಎಳನೀರು ಕೊಟ್ಟರು. ಎಂಥ ಒಳ್ಳೆಯ ಜನ ಎಂದುಕೊಂಡು ಕುಡಿದೆ.

"ಸರ್, ರಸ್ತೆ ಎಷ್ಟು ಒಳಗೆ ಬರ್ತದೆ?" ಎಂದು ಮೆಲ್ಲಗೆ ಕೇಳಿದರು.

"ಯಾವ ರಸ್ತೆ? ನಾನು ಹಕ್ಕಿ ನೋಡುವುದು."

"ಹೇಳಲಿಕ್ಕೆ ಆಗುವುದಿಲ್ಲ, ಗೊತ್ತುಂಟು. ಮೊದಲು ರಸ್ತೆಯ ಅಳತೆಗೆ ಬಂದವರು ಸಹ ಏನೂ ಇಲ್ಲ ಅಂತಲೇ ಹೇಳಿದ್ದು."

ನಂಬಲಿ ಎಂದು ಆಗಷ್ಟೇ ತೆಗೆದ ಕೊಕ್ಕರೆಯ ಫೋಟೋ ತೋರಿಸಿದೆ. ಅವರು ನೋಡಿದವರೇ ಎದೆಗೆ ಕೈ ಇಟ್ಟುಕೊಂಡರು. "ಅಯ್ಯೋ! ಹಿಂದೆ ಕಾಣುವುದು ನಮ್ಮ ಕಂಪೌಂಡು!"

ನಾನು ಗಡಿಬಿಡಿಯಲ್ಲಿ ಸ್ಟ್ಯಾಂಡ್ ಮಡಚಿ ಹೊರಟೆ. ದಾರಿಗೆ ಅಡ್ಡ ಬಂದು ನಿಂತವರು ಅವರ ಆಚೆ ಮನೆಯವರು, ಮುಖ ಕೆಂಪು. "ನೋಡಿ ಸರ್, ಅವರ ಎಳನೀರು ಕುಡಿದಿರಿ ಅಂತ ರಸ್ತೆಯನ್ನು ನಮ್ಮ ಕಡೆ ತಿರುಗಿಸಬೇಡಿ."

ಯಾರದ್ದೋ ಬಾತು

ಭಾವನ ರಜೆ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಮೂಡುಬಿದಿರೆ ದಾಟಿ ಹೋಗುವಾಗ ಬೆಳುವಾಯಿ ಹತ್ತಿರದ ಒಂದು ಕೆರೆಯಲ್ಲಿ ಸೂಜಿಬಾಲದ ಬಾತುಗಳು ಕಂಡವು! ಕಂದು ತಲೆ, ಬಿಳಿ ಎದೆ, ಚೂಪು ಬಾಲ. ಹಿಮಾಲಯದ ಆಚೆಯಿಂದ ಹಾರಿ ಬರುವಂಥವು. ಆದರೆ ಮೋಡ ಕವಿದು ಬೆಳಕು ಸಾಲದಾಯಿತು.

ಕೆರೆಯ ಪಕ್ಕದ ಮನೆಯ ಅಕ್ಕನ ಪರಿಚಯ ಇತ್ತು. ಅವರ ಮಗಳ ಮದುವೆಗೆ ಫೋಟೋ ತೆಗೆದದ್ದು ನಾನೇ. "ಅಕ್ಕ, ನಾಳೆ ಬಾತುಗಳ ಫೋಟೋ ತೆಗೆಯಲಿಕ್ಕೆ ಬರ್ತೇನೆ, ಸ್ವಲ್ಪ ನೋಡಿಕೊಳ್ಳಿ" ಎಂದೆ.

"ಅದಕ್ಕೇನು ಫೋಟೋದವರೇ, ಬನ್ನಿ" ಎಂದರು ಖುಷಿಯಲ್ಲಿ.

ಮರುದಿನ ಹೋಗಿ ನೋಡಿದರೆ ಅಂಗಳದಲ್ಲಿ ಅವರು ಸಾಕಿದ ಬಾತುಗಳು ಮಿಂದು ಮಡಿಯಾಗಿ ಕಾಯುತ್ತಿವೆ, ಎಲ್ಲದರ ಕುತ್ತಿಗೆಗೂ ಕೆಂಪು ರಿಬ್ಬನ್. ಕೆರೆ ಖಾಲಿ.

"ಅಕ್ಕ, ಕೆರೆಯಲ್ಲಿದ್ದ ಬಾತು ಎಲ್ಲಿ?"

"ಅವಾ? ಅವು ಯಾರದ್ದೋ! ನಮ್ಮದರ ನಡುವೆ ಸೇರಿಕೊಂಡಿದ್ದವು. ಫೋಟೋಕ್ಕೆ ಅಡ್ಡ ಬರ್ತವೆ ಅಂತ ಕಲ್ಲು ಬಿಸಾಡಿ ಓಡಿಸಿದೆ. ಮದುವೆಯಲ್ಲಿ ನೀವು ನಮ್ಮ ನೆಂಟರನ್ನು ಓಡಿಸಿದ್ದೂ ಹಾಗೆಯೇ ಅಲ್ವಾ?"

ಯಾ ಅಲ್ಲಾಹ್! ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಅಳು ಬರುತ್ತಿದ್ದರೂ ಅಕ್ಕನಿಗೆ ಬೇಸರವಾಗಬಾರದಲ್ಲ, ರಿಬ್ಬನ್ ಕಟ್ಟಿದ್ದರ ಫೋಟೋ ತೆಗೆದೆ. ಹೊರಡುವಾಗ ಅಕ್ಕ ಕೇಳಿದರು, "ಆಲ್ಬಂ ಯಾವಾಗ ಸಿಗ್ತದೆ?"

ಎಲ್ಲರೂ ಈ ಕಡೆ ನೋಡಿ

ಭಾವ ಬಂದರು. ಸ್ಟುಡಿಯೋದ ಖಾಲಿ ಗೋಡೆ ನೋಡಿದರು. "ಹಕ್ಕಿ ಎಲ್ಲಿ?" ಎಂದು ಕೇಳಿದ್ದಕ್ಕೆ ನನಗಿಂತ ಮೊದಲು ನನ್ನ ಹೆಂಡತಿ ಉತ್ತರ ಕೊಟ್ಟಳು. "ಪೊಲೀಸರು ಬಂದಾಯ್ತು, ರಸ್ತೆ ಬಂದಾಯ್ತು ಅಣ್ಣ. ಹಕ್ಕಿ ಮಾತ್ರ ಬರಲಿಲ್ಲ." ಭಾವ ಲೆನ್ಸನ್ನು ಚೀಲಕ್ಕೆ ಹಾಕಿದರು. ಜಿಪ್ಪನ್ನೂ ಎಳೆದರು.

ಆಗಲೇ ಬೆಳುವಾಯಿ ಅಕ್ಕನ ಫೋನು. "ಆ ಯಾರದ್ದೋ ಬಾತುಗಳು ಮತ್ತೆ ಬಂದಿವೆ. ಓಡಿಸಲಾ?"

"ಬೇಡ ಅಕ್ಕಾ!" ಎಂದು ನಾನು ಕಿರುಚಿದ್ದು ಪಕ್ಕದ ಅಂಗಡಿಗೂ ಕೇಳಿತು. ಭಾವನ ಕಾಲು ಹಿಡಿಯುವುದೊಂದು ಬಾಕಿ. "ಸರಿ, ಇದೊಂದು ಸಲ. ನಾನೂ ಬರ್ತೇನೆ, ಹೋಗುವ" ಎಂದರು ಭಾವ.

ಲೆನ್ಸನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ, ಕೆರೆಯ ಪಕ್ಕದ ಪೊದೆಯ ಹಿಂದೆ ಇಬ್ಬರೂ ಕುಳಿತೆವು. ಬಾತುಗಳು ಇದ್ದವು, ಆದರೆ ಎಲ್ಲವೂ ತಲೆ ನೀರೊಳಗೆ ಹಾಕಿ, ಹಿಂಭಾಗ ಆಕಾಶಕ್ಕೆ ಮಾಡಿ ಮೇಯುತ್ತಿದ್ದವು. ಭಾವ ಕೈಗಡಿಯಾರ ನೋಡಿ ಎದ್ದು ನಿಲ್ಲಲು ಹೊರಟರು. ನನಗೆ ತಡೆಯಲಿಕ್ಕಾಗಲಿಲ್ಲ. ಇಷ್ಟು ವರ್ಷ ಮದುವೆ ಮನೆಯಲ್ಲಿ ಪಳಗಿದ ನಾಲಿಗೆ, ತನ್ನಷ್ಟಕ್ಕೆ ಜೋರಾಗಿ ಹೇಳಿಬಿಟ್ಟಿತು:

"ಹಾಂ, ಎಲ್ಲರೂ ಈ ಕಡೆ ನೋಡಿ! ಸ್ಮೈಲ್!"

ಭಾವ ತಲೆಗೆ ಕೈ ಹೊತ್ತರು. ನನ್ನ ಕೆಲಸ ಕೆಟ್ಟಿತು, ನಾನೇ ಕೆಡಿಸಿದೆ ಎಂದುಕೊಂಡೆ. ಆದರೆ ನೀರಿನಿಂದ ತಲೆಗಳು ಒಟ್ಟಿಗೆ ಮೇಲೆ ಬಂದವು! ಸಾಲಾಗಿ, ಕತ್ತು ಉದ್ದ ಮಾಡಿ, ನೇರ ನನ್ನ ಲೆನ್ಸನ್ನೇ ನೋಡಿದವು. ಬೆರಳು ಕೂಡ ಅಭ್ಯಾಸಬಲದಿಂದ ಒತ್ತಿಬಿಟ್ಟಿತು. ಮರುಕ್ಷಣ ಎಲ್ಲವೂ ಹಾರಿಹೋದವು.

ಭಾವ ಕ್ಯಾಮೆರಾ ಕಿತ್ತುಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದರು, ಮತ್ತೆ ನೋಡಿದರು.

"ಲೆನ್ಸು ನಿನ್ನ ಹತ್ತಿರವೇ ಇರಲಿ," ಎಂದರು ಕೊನೆಗೆ. "ಆದರೆ ಎಲ್ಲರದ್ದೂ ಬಿಳಿ ಅಂಗಿ, ಕತ್ತು ಸೆಟೆದಿದೆ, ಒಬ್ಬರ ಮುಖದಲ್ಲೂ ನಗು ಇಲ್ಲ. ಇದು ಹಕ್ಕಿಯ ಫೋಟೋ ಅಲ್ಲ ಮಾರಾಯ, ಗಂಡಿನ ಕಡೆಯವರದ್ದು."