ಟೋಕಿಯೋದಿಂದ ಕುರ್ಲಾಕ್ಕೆ

ನಾನು ಈವರೆಗೆ ವಿಮಾನ ಹತ್ತಿದವನಲ್ಲ. ಆದರೂ ಯಾವ ದೇಶಕ್ಕೆ ಎಷ್ಟು ಹಾರಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯಲು ಬೊಂಬಾಯಿಯ ಕುರ್ಲಾದ ನಮ್ಮ ಬಿಲ್ಡಿಂಗಿನವರೆಲ್ಲ ಈ ತಿರುಮಲೇಶನ ಬಾಗಿಲನ್ನೇ ತಟ್ಟುತ್ತಾರೆ. ಲಂಡನ್, ನೈರೋಬಿ, ಸಿಡ್ನಿ ಎಲ್ಲ ನನ್ನ ನಾಲಗೆಯ ತುದಿಯಲ್ಲಿವೆ. ಇಂಥ ಪ್ರತಿಭೆಗೆ ಮನೆಯಲ್ಲಿ ಮಾತ್ರ ಕವಡೆ ಕಿಮ್ಮತ್ತಿಲ್ಲ. (ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಯಾರೋ ನನ್ನಂಥ ಗಂಡನೇ ಕಟ್ಟಿರಬೇಕು.)

ಕಂಪನಿಯ ತರಬೇತಿಗೆಂದು ಟೋಕಿಯೋಗೆ ಹೋಗಿದ್ದ ನನ್ನ ಭಾಮೈದ ಕಿಟ್ಟು ಎರಡು ವರ್ಷದ ಮೇಲೆ ಬರುವವನಿದ್ದ. ಟಿಕೆಟ್ ಸಿಕ್ಕೊಡನೆ ಫೋನಿರುವ ಕೆಳಮನೆಯ ಕಾಂತಾಬೆನ್‌ಗೆ ಫೋನ್ ಮಾಡುವೆನೆಂದು ಬರೆದಿದ್ದ. ತಮ್ಮನ ದಾರಿ ನೋಡಿ ನೋಡಿ ನನ್ನ ಹೆಂಡತಿ ಪಂಕಜಾ ಸೊರಗಿಹೋಗಿದ್ದಳು. ಹಾರಿ ಬರುವವನಿಗೆ ಇಳಿದ ಕ್ಷಣವೇ ಸಹಾರ್ ವಿಮಾನ ನಿಲ್ದಾಣದಲ್ಲಿ ಹಾರ ಹಾಕಿ, ನಾನೂ ಒಬ್ಬ ಸಮರ್ಥ ಗಂಡನೆಂದು ಅವಳಿಗೆ ತೋರಿಸಿಯೇ ಸಿದ್ಧ ಎಂದು ನಾನು ಪಣ ತೊಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಕಾಂತಾಬೆನ್ ಮೆಟ್ಟಿಲ ಬುಡದಿಂದ ಕೂಗಿದರು: "ತಿರುಮಲೇಶ್‌ಭಾಯ್! ಕಿಟ್ಟು ಕಾ ಫೋನ್ ಥಾ. ಕಲ್ ಕಾ ಫ್ಲೈಟ್!"

"ನಾಳೆ ಹೊರಡ್ತಾನೆ" ಎಂದು ಘೋಷಿಸಿದೆ.

"ರೀ, ಈ ಹಿಂದೀಲಿ ನಿನ್ನೆಗೂ ಕಲ್, ನಾಳೆಗೂ ಕಲ್. ಒಂದ್ಸಲ ಇಳಿದು ಕೇಳ್ಕೊಂಡು ಬನ್ನಿ" ಎಂದಳು ಪಂಕಜಾ.

"ಬೊಂಬಾಯಿ ಹಿಂದಿ ಅರೆದು ಕುಡಿದೋನು ಕಣೆ ನಾನು! ನಿನ್ನೆ ಹೊರಟೋನು ಇವತ್ತು ಆಕಾಶದಿಂದ ಫೋನ್ ಮಾಡ್ತಾನಾ?"

ಆ ತರ್ಕಕ್ಕೆ ನಾನೇ ತಲೆದೂಗಿದೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಬಿಲ್ಡಿಂಗ್ ನಮ್ಮ ಮನೆಯಲ್ಲಿ ನೆರೆದಿತ್ತು. ಉಡುಪಿ ಹೋಟೆಲಿನ ಸದಾನಂದ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನನ್ನ ಕೈಯಲ್ಲಿದ್ದ ತೆಂಗಿನಕಾಯಿಯೇ ಭೂಮಂಡಲ, ಹೂ ಕಟ್ಟುವ ದಾರವೇ ವಿಮಾನದ ದಾರಿ. "ಆರು ಸಾವಿರದ ಏಳುನೂರು ಕಿಲೋಮೀಟರ್! ಹಾಂಗ್‌ಕಾಂಗ್, ಬ್ಯಾಂಕಾಕ್‌ನಲ್ಲಿ ನಿಂತು ಬಂದ್ರೆ ಹನ್ನೆರಡು ಗಂಟೆ. ಆದ್ರೆ ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದು!"

"ಹಾಗಾದ್ರೆ ಹೊರಡೋಕ್ಮುಂಚೇನೇ ಬಂದ್ಬಿಡ್ತಾನೇನ್ರೀ?" ಎಂದಳು ಪಂಕಜಾ.

ಅವಳ ಅಜ್ಞಾನಕ್ಕೆ ನಾನು ಮರುಗುತ್ತಿದ್ದಾಗಲೇ ಬಾಗಿಲಲ್ಲಿ ಸೂಟ್‌ಕೇಸ್ ಧಡ್ಡೆಂದಿತು. ನನ್ನ ಲೆಕ್ಕದ ಪ್ರಕಾರ ಇನ್ನೂ ಟೋಕಿಯೋದಲ್ಲಿ ಬಟ್ಟೆ ಮಡಿಚುತ್ತಿರಬೇಕಾದ ಕಿಟ್ಟು ಬೆವರೊರೆಸಿಕೊಳ್ಳುತ್ತ ನಿಂತಿದ್ದ!

"ಹೊರಡೋಕ್ಮುಂಚೆ, ನಿನ್ನೇನೇ ಫೋನ್ ಮಾಡಿದ್ನಲ್ಲ ಭಾವ. ಕಾಂತಾಬೆನ್ ಹೇಳ್ಲಿಲ್ವಾ?"

(ಆ 'ಕಲ್' ನನ್ನ ತಲೆಯ ಮೇಲೆ ಬೀಳಲಿದ್ದ ಕಲ್ಲೆಂದು ಯಾರಿಗೆ ಗೊತ್ತಿತ್ತು!)

ಪಂಕಜಾ ತಮ್ಮನ ಕೆನ್ನೆ ಸವರಿ ಕಣ್ಣೊರೆಸಿಕೊಂಡಳು. ಆಮೇಲೆ ಅದೇ ಕಣ್ಣನ್ನು ನನ್ನ ಕಡೆ ತಿರುಗಿಸಿದಳು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

"ಅದಿರಲಿ ಕಿಟ್ಟು, ಪ್ರಯಾಣಕ್ಕೆ ಎಷ್ಟು ಹೊತ್ತಾಯ್ತು?"

"ಹನ್ನೆರಡು ಗಂಟೆ, ಭಾವ."

"ಕೇಳಿದ್ರಾ! ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ!" ಹೆಮ್ಮೆಗೆ ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ.

"ಅದು ಟೋಕಿಯೋದಿಂದ ಸಹಾರ್‌ಗೆ. ಸಹಾರ್‌ನಿಂದ ಕುರ್ಲಾಕ್ಕೆ ಐದು ಗಂಟೆ. ನೀವು ಬಂದೇ ಬರ್ತೀರಂತ ಅಲ್ಲೇ ಕಾಯ್ತಾ ಕೂತಿದ್ದೆ."

ಸದಾನಂದ ಬಹಳ ವಿನಯದಿಂದ ಕೇಳಿದರು: "ಅದೆಷ್ಟು ಕಿಲೋಮೀಟರ್ ಆಗ್ತದೆ ಮಾರಾಯ್ರೆ?"

ನನ್ನ ಲೆಕ್ಕ ತಪ್ಪಿರಲಿಲ್ಲ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ಆದರೂ ಮರುವಾರ ಕಿಟ್ಟುವನ್ನು ಬೆಂಗಳೂರಿನ ರೈಲು ಹತ್ತಿಸಲು ಪಂಕಜಾ ಸದಾನಂದರನ್ನು ಕಳುಹಿಸಿದಳು. ಹೊರಡುವ ದಿನ ಯಾವುದೆಂದು ನನಗೆ ಯಾರೂ ಹೇಳಿರಲೂ ಇಲ್ಲ.